‘ಅವ ಮೊದಲಿಂದ ಹಂಗೇ ಅದಾನ್ರಿ’: ಬೌದ್ಧಿಕ ನ್ಯೂನತೆಯುಳ್ಳವರ ಮನಸ್ಸಿನ ಆರೋಗ್ಯ

(ಕಲಬುರಗಿಯಲ್ಲಿ ಪಾಲಕರು, ವಿಶೇಷ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಉದಾಹರಣೆಗಳಲ್ಲಿ ಬರುವವರ ಗುರುತು ಹತ್ತದಂತೆ ಊರು, ವಯಸ್ಸು ಮುಂತಾದ ವಿವರಗಳನ್ನು ಬದಲಿಸಲಾಗಿದೆ.)

ಬೌದ್ಧಿಕ ನ್ಯೂನತೆಯುಳ್ಳ ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದು ನನ್ನ ಮುಂದೆ ಕೂರುವ ಪಾಲಕರ ಬಾಯಲ್ಲಿ ಒಂದು ಮಾತು ಇಷ್ಟು ವರ್ಷಗಳಾದರೂ ಬದಲಾಗಿಲ್ಲ. ಊಟ ಬಿಟ್ಟಿದ್ದಾನೆ, ರಾತ್ರಿ ನಿದ್ದೆಯಿಲ್ಲ, ತಾಯಿಯ ಮೇಲೆ ಕೈ ಎತ್ತುತ್ತಾನೆ ಎಂದೆಲ್ಲ ವಿವರಿಸುತ್ತಾರೆ. ‘ಇದು ಯಾವಾಗಿನಿಂದ?’ ಎಂದು ಕೇಳಿದರೆ, ‘ಅವ ಮೊದಲಿಂದ ಹಂಗೇ ಅದಾನ್ರಿ’ ಎನ್ನುತ್ತಾರೆ. ಪಾಲಕರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಶಿಕ್ಷಕರೂ ವೈದ್ಯರೂ ಇದನ್ನೇ ಹೇಳುತ್ತಾರೆ, ಒಂದು ಕಾಲಕ್ಕೆ ನಾನೂ ಹೇಳಿದ್ದೇನೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಒಂದು ವಾಕ್ಯದ ಬಗ್ಗೆ, ಏಕೆಂದರೆ ಖಿನ್ನತೆಯಿಂದ ಹಿಡಿದು ಹಲ್ಲುನೋವಿನವರೆಗೆ ಏನು ಬೇಕಾದರೂ ಅದರ ಹಿಂದೆ ವರ್ಷಗಟ್ಟಲೆ ಅಡಗಿ ಕೂರಬಹುದು.

ಮೊದಲು ಹೆಸರುಗಳ ಗೊಂದಲವನ್ನು ತೀರಿಸಿಬಿಡೋಣ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಅದರಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದರೆ ಬುದ್ಧಿ ಚುರುಕಾಗಿದ್ದೂ ಓದು, ಬರಹ, ಲೆಕ್ಕದಲ್ಲಿ ಮಾತ್ರ ಎಡವುವ ಡಿಸ್ಲೆಕ್ಸಿಯಾದಂಥ ತೊಡಕು. ‘ಬೌದ್ಧಿಕ ನ್ಯೂನತೆ’ ಬೇರೆ. ಅದರಲ್ಲಿ ಹೊಸದನ್ನು ತಿಳಿಯುವುದು, ಮಾತು, ಹಣಕಾಸು, ದಿನನಿತ್ಯದ ವ್ಯವಹಾರ ಎಲ್ಲಕ್ಕೂ ಬಾಲ್ಯದಿಂದಲೇ ನೆರವು ಬೇಕಾಗುತ್ತದೆ. ಇಂಗ್ಲೆಂಡಿನವರು ಈ ಎರಡನೆಯದನ್ನೇ ಕಲಿಕಾ ನ್ಯೂನತೆ ಎಂದು ಕರೆಯುವುದರಿಂದ ಮೊಬೈಲಿನಲ್ಲಿ ಹುಡುಕಿ ಓದುವವರಿಗೆ ದಾರಿ ತಪ್ಪುತ್ತದೆ. ನಾನಿಲ್ಲಿ ಮಾತಾಡುತ್ತಿರುವುದು ಬೌದ್ಧಿಕ ನ್ಯೂನತೆಯ ಬಗ್ಗೆ. 2011ರ ಜನಗಣತಿಯಲ್ಲಿ ಹಳೆಯ ಹೆಸರಿನಡಿ ಎಣಿಸಿದಾಗ ದೇಶದಲ್ಲಿ ಇಂಥವರು ಸುಮಾರು 15 ಲಕ್ಷ ಮಂದಿ ಸಿಕ್ಕರು. ಮನೆಯವರು ಹೇಳದೆ ಬಿಟ್ಟವರು ಆ ಲೆಕ್ಕದಲ್ಲಿಲ್ಲ.

ಮಾನಸಿಕ ಕಾಯಿಲೆ ಇವೆರಡಕ್ಕಿಂತಲೂ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಯ ಬೆಳವಣಿಗೆಯ ಕೊರತೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಅದು ಸರಿಯೇ; ನ್ಯೂನತೆಯೊಂದು ಸ್ಥಿತಿ, ಕಾಯಿಲೆಯಲ್ಲ. ಆದರೆ ಕಾನೂನು ಹಾಕಿದ ಈ ಗೆರೆ ನಮ್ಮ ತಲೆಯಲ್ಲಿ ಬೇರೊಂದು ರೂಪ ತಳೆದು, ‘ಇದಿದ್ದವನಿಗೆ ಅದು ಬರುವುದಿಲ್ಲ’ ಎಂದಾಗಿಬಿಟ್ಟಿದೆ. ನಿಜ ಸಂಗತಿ ತದ್ವಿರುದ್ಧ. ಸ್ಕಾಟ್ಲೆಂಡಿನ ಗ್ಲಾಸ್ಗೋ ಪ್ರದೇಶದಲ್ಲಿ ಬೌದ್ಧಿಕ ನ್ಯೂನತೆಯುಳ್ಳ 1,023 ವಯಸ್ಕರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿ 10 ಮಂದಿಯಲ್ಲಿ 4 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ತೊಂದರೆ ಎಂಬುದರಲ್ಲಿ ಹೊಡೆಯುವ, ಕಚ್ಚಿಕೊಳ್ಳುವಂಥ ವರ್ತನೆಗಳೂ ಸೇರಿವೆ. ಅವನ್ನು ಬಿಟ್ಟು ಎಣಿಸಿದರೂ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು.

ಹಾಗಿದ್ದೂ ನಮಗೆ ಕಾಣುವುದಿಲ್ಲವೇಕೆ? 1982ರಲ್ಲಿ ಅಮೆರಿಕದ ಸ್ಟೀವನ್ ರೀಸ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಬದುಕನ್ನೇ ಕುಗ್ಗಿಸುವಷ್ಟು ಭಯಪಡುವ ಒಬ್ಬ ವ್ಯಕ್ತಿಯ ವಿವರವನ್ನು ಮನಃಶಾಸ್ತ್ರಜ್ಞರಿಗೆ ಕೊಟ್ಟರು. ಕೆಲವರಿಗೆ ಕೊಟ್ಟ ವಿವರದಲ್ಲಿ ಆತನಿಗೆ ಬೌದ್ಧಿಕ ನ್ಯೂನತೆಯಿದೆ ಎಂಬ ಸೇರ್ಪಡೆಯಿತ್ತು, ಉಳಿದದ್ದೆಲ್ಲ ಒಂದೇ. ಆ ಸೇರ್ಪಡೆಯನ್ನು ಓದಿದವರಿಗೆ ಭಯವು ಚಿಕಿತ್ಸೆ ಬೇಕಾದ ಕಾಯಿಲೆಯಾಗಿ ಅಷ್ಟಾಗಿ ಕಾಣಲಿಲ್ಲ. ದೊಡ್ಡ ಮರದ ನೆರಳಿನಲ್ಲಿ ಸಣ್ಣ ಗಿಡ ಕಾಣದೆ ಹೋಗುವ ಹಾಗೆ ನ್ಯೂನತೆಯ ನೆರಳು ಉಳಿದ ರೋಗಗಳ ಮೇಲೆ ಬೀಳುತ್ತದೆ ಎಂದು ಅವರು ತೋರಿಸಿಕೊಟ್ಟರು. ಗಮನಿಸಿ, ಅವರು ಪರೀಕ್ಷಿಸಿದ್ದು ರೋಗಿಯನ್ನಲ್ಲ, ನಮ್ಮಂಥವರನ್ನು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಯಾದಗಿರಿ ಕಡೆಯ ಹದಿನೆಂಟರ ಹುಡುಗಿ. ಮಾತು ಹತ್ತಿಪ್ಪತ್ತು ಶಬ್ದಗಳಷ್ಟೇ. ಎಡಗೈಯಿಂದ ತನ್ನ ಕಪಾಳಕ್ಕೆ ತಾನೇ ಬಡಿದುಕೊಳ್ಳುತ್ತಿದ್ದಳು. ತಾಯಿ ಗಮನ ಕೊಡಲೆಂದು ಹೀಗೆ ಮಾಡುತ್ತಾಳೆಂದು ತೀರ್ಮಾನಿಸಿದ ನಾನು, ಬಡಿದುಕೊಂಡಾಗ ನೋಡಬೇಡಿ, ಸುಮ್ಮನಿದ್ದಾಗ ಹೊಗಳಿ ಎಂಬ ಪಾಠವನ್ನು ತಾಯಿಗೆ ಒಪ್ಪಿಸಿದೆ. ತಾಯಿ ಎದೆ ಕಲ್ಲು ಮಾಡಿಕೊಂಡು ಎರಡು ತಿಂಗಳು ಹಾಗೆಯೇ ನಡೆದುಕೊಂಡರು. ಮೂರನೆಯ ಭೇಟಿಯಲ್ಲಿ ಹುಡುಗಿ ನನ್ನ ಪಕ್ಕ ಕುಳಿತಾಗ ಕೀವಿನ ವಾಸನೆ ಬಂತು. ಕಿವಿ ಸೋರುತ್ತಿತ್ತು. ಅವಳು ಬಡಿದುಕೊಳ್ಳುತ್ತಿದ್ದುದು ಯಾವಾಗಲೂ ಎಡಗಡೆ ಮಾತ್ರ ಎಂಬುದು ನನ್ನ ಟಿಪ್ಪಣಿಯಲ್ಲಿ ಮೊದಲ ದಿನದಿಂದಲೇ ಇತ್ತು. ಅದು ನನ್ನದೇ ಅಕ್ಷರ. ಅಂದಿನಿಂದ ಕಿವಿ, ಹಲ್ಲು, ಮಲಬದ್ಧತೆ, ಮುಟ್ಟಿನ ನೋವು ಇವನ್ನು ನೋಡಿಸದೆ ವರ್ತನೆಯ ಮಾತು ಎತ್ತುವುದನ್ನು ಬಿಟ್ಟಿದ್ದೇನೆ. ಡೌನ್ ಸಿಂಡ್ರೋಮ್ (ವರ್ಣತಂತುವೊಂದು ಹೆಚ್ಚಿರುವ ಹುಟ್ಟುಸ್ಥಿತಿ) ಇರುವವರಾದರೆ ಥೈರಾಯ್ಡ್ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ, ಏಕೆಂದರೆ ಅವರಲ್ಲಿ ಥೈರಾಯ್ಡ್ ಕೊರತೆ ಸಾಮಾನ್ಯ, ಮತ್ತು ಅದು ನೋಡಲು ಥೇಟ್ ಖಿನ್ನತೆಯಂತೆಯೋ ಸೋಮಾರಿತನದಂತೆಯೋ ಇರುತ್ತದೆ. ಅವರೇ ನಲವತ್ತು ದಾಟಿದ ಮೇಲೆ ಮರೆಯತೊಡಗಿದರೆ ಅಲ್ಝೈಮರ್ ಕಾಯಿಲೆಯನ್ನು ಶಂಕಿಸಬೇಕು.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಉದಾಹರಣೆಗೆ ಬರುತ್ತೇನೆ. ಆಳಂದ ಕಡೆಯ ಒಂದು ಹಳ್ಳಿ. ಇಪ್ಪತ್ತಾರು ವಯಸ್ಸಿನ ಯುವಕ, ಅಜ್ಜಿಯ ಬೆನ್ನಿಗೆ ಬೆಳೆದವನು. ಪಡಸಾಲೆಯಲ್ಲಿ ಅಜ್ಜಿ ಮೊರದಲ್ಲಿ ತೊಗರಿ ಕೇರಿದರೆ ಇವನು ಹರಳು ಆರಿಸುವನು. ಒಂದು ಹರಳು ಸಿಕ್ಕರೆ ಅಜ್ಜಿಗೆ ತೋರಿಸಿ ಆಮೇಲೆ ಅಂಗಳಕ್ಕೆ ಎಸೆಯುವನು. ಒಂದು ಮುಂಜಾನೆ ಅಜ್ಜಿ ತೀರಿಕೊಂಡಳು. ಹೆಣ ನೋಡಿ ಗಾಬರಿಯಾದಾನು ಎಂದು ಮನೆಯವರು ಅವನನ್ನು ಅಂದೇ ಅತ್ತೆಯ ಊರಿಗೆ ಕಳಿಸಿ, ದಿವಸದ ಕಾರ್ಯವೆಲ್ಲ ಮುಗಿದ ಮೇಲೆ ಕರೆತಂದರು. ‘ಆಯಿ ಎಲ್ಲಿ?’ ಎಂದದ್ದಕ್ಕೆ ‘ಕಲಬುರಗಿಗಿ ಹೋಗ್ಯಾಳ, ಬರ್ತಾಳ’ ಎಂದರು. ಬಿ.ಪಿ. ಗುಳಿಗೆಗೆಂದು ಆಕೆ ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುವುದು ವಾಡಿಕೆಯಾಗಿತ್ತು.

ಅವನು ಅಂದು ಸಂಜೆಯಿಂದಲೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂರತೊಡಗಿದ. ಕೈಯಲ್ಲಿ ಅಜ್ಜಿಯ ಎಲೆ-ಅಡಿಕೆಯ ಚಂಚಿ. ಬಸ್ಸು ಬಂದು, ಜನ ಇಳಿದು, ಬಸ್ಸು ಹೋದ ಮೇಲೂ ಏಳುವನಲ್ಲ. ಮನೆಗೆ ಎಳೆದುಕೊಂಡು ಬರಲು ಹೋದರೆ ಹೊಡೆಯುವನು. ನಾಲ್ಕು ತಿಂಗಳಲ್ಲಿ ಸೊರಗಿ ಕಡ್ಡಿಯಾದ, ರಾತ್ರಿ ಮೂರಕ್ಕೇ ಎದ್ದು ಕೂರುತ್ತಿದ್ದ. ಗಾಳಿ ಬಡಿದಿದೆಯೆಂದು ತಾಯಿತ ಕಟ್ಟಿಸಿದರು. ಒಂದು ಕಡೆ ತೋರಿಸಿದಾಗ ಮಂಪರು ಬರಿಸುವ ಗುಳಿಗೆ ಸಿಕ್ಕಿತು, ಅವನು ಕಟ್ಟೆಯ ಮೇಲೆ ಕೂರುವ ಬದಲು ಮಲಗಿದ. ನನ್ನ ಬಳಿ ಬಂದಾಗ ತಾಯಿ ಹೇಳಿದ ಮೊದಲ ಮಾತು, ನಿಮಗೆ ಗೊತ್ತೇ ಇದೆ, ‘ಅವ ಮೊದಲಿಂದ ಹಂಗೇ’.

ಅವನ ನಡವಳಿಕೆಯನ್ನು ಅವನ ಕಡೆಯಿಂದ ಒಮ್ಮೆ ನೋಡಿ. ಅಜ್ಜಿ ಕಲಬುರಗಿಗೆ ಹೋಗಿದ್ದಾಳೆ ಎಂದು ನೀವೇ ಹೇಳಿದ್ದೀರಿ. ಕಲಬುರಗಿಗೆ ಹೋದವಳು ಸಂಜೆಯ ಬಸ್ಸಿಗೆ ಬರುತ್ತಾಳೆ. ಬಂದ ಕೂಡಲೇ ಎಲೆ-ಅಡಿಕೆ ಕೇಳುತ್ತಾಳೆ. ಇದರಲ್ಲಿ ಯಾವ ಹೆಜ್ಜೆ ತಪ್ಪು?

ಮನೆಯವರ ಜತೆ ಎರಡು ಸಲ ಮಾತಾಡಿ ಒಪ್ಪಿಸಿದ ಮೇಲೆ ಸೋದರಮಾವ ಅವನನ್ನು ಹೊಲಕ್ಕೆ, ಮಣ್ಣು ಮಾಡಿದ ಜಾಗಕ್ಕೆ ಕರೆದೊಯ್ದ. ನಿಧನ, ಲಿಂಗೈಕ್ಯ, ದೇವರ ಪಾದ ಸೇರುವುದು ಇಂಥ ಮಾತುಗಳನ್ನೆಲ್ಲ ಬಿಟ್ಟು ‘ಸತ್ತಳು’ ಎಂದೇ ಹೇಳಬೇಕೆಂದು ನಾನು ತಾಕೀತು ಮಾಡಿದ್ದೆ. ಮಾವ ನಂತರ ನನಗೆ ವರದಿ ಮಾಡಿದ ಸಂಭಾಷಣೆ ಇಷ್ಟು. ‘ಇದರಾಗ ಅದಾಳೇನು?’ ‘ಹೂಂ.’ ‘ಉಸ್ರು?’ ‘ಇಲ್ಲ. ಉಸ್ರು ನಿಂತದ. ಆಯಿ ಸತ್ತಾಳ. ಅದಕ್ಕ ಮಣ್ಣು ಮಾಡೀವಿ.’ ‘ಬಸ್ಸಿಗಿ?’ ‘ಬರಂಗಿಲ್ಲ.’ ಅವನು ಅಳಲಿಲ್ಲವಂತೆ. ಚಂಚಿ ಬಿಚ್ಚಿ, ಒಣಗಿ ತರಗಾಗಿದ್ದ ಎಲೆಯೊಂದನ್ನು ತೆಗೆದು ಮಣ್ಣಿನ ಮೇಲಿಟ್ಟು, ಚಂಚಿಯನ್ನು ಮತ್ತೆ ಬಗಲಿಗೆ ಹಾಕಿಕೊಂಡು ಬಂದ. ಅಂದು ರಾತ್ರಿ ಅತ್ತ. ಆಮೇಲೆ ವಾರಗಟ್ಟಲೆ ಅದೇ ಪ್ರಶ್ನೆಗಳನ್ನು ಕೇಳಿದ, ಮಾವ ಅವೇ ಮಾತುಗಳಲ್ಲಿ ಉತ್ತರ ಕೊಟ್ಟ. ಆ ಮಾವನ ತಾಳ್ಮೆ ನನಗಿದೆಯೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಮನೋವೈದ್ಯರು ಖಿನ್ನತೆಯ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಕೆಲವು ತಿಂಗಳು ಕೊಟ್ಟರು, ನಿದ್ದೆ ಮತ್ತು ಹಸಿವು ಮರಳಿದವು. ಕಥೆ ಇಲ್ಲಿ ಚೆಂದವಾಗಿ ಮುಗಿಯಿತೆಂದು ತಿಳಿಯಬೇಡಿ. ಹಬ್ಬದ ಮುಂಚಿನ ದಿನಗಳಲ್ಲಿ ಅವನು ಈಗಲೂ ಕಟ್ಟೆಗೆ ಹೋಗುತ್ತಾನೆ. ಆದರೆ ಬಸ್ಸು ಹೋದ ಮೇಲೆ ತಾನೇ ಎದ್ದು ಬರುತ್ತಾನೆ.

ನಮ್ಮ ಭಾಗದಲ್ಲಿ ಸಾವಿಲ್ಲದೆಯೂ ಮನುಷ್ಯರು ಮಾಯವಾಗುತ್ತಾರೆ. ಯಾದಗಿರಿ, ಕಲಬುರಗಿಯ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವವರು ಇಂಥ ಮಗುವನ್ನು ಮುದುಕರ ಬಳಿ ಬಿಟ್ಟು ಹೋಗುತ್ತಾರೆ, ಅದೂ ಮಗು ಅಳುತ್ತದೆಂದು ನಸುಕಿನಲ್ಲಿ, ಅದು ಮಲಗಿದ್ದಾಗ. ಎದ್ದಾಗ ತಾಯಿಯಿಲ್ಲ. ಮರುದಿನದಿಂದ ಅದು ನಿದ್ದೆ ಮಾಡಲು ಹೆದರಿದರೆ ಅದನ್ನು ಹಟ ಎನ್ನುತ್ತೇವೆ. ಹೋಗುವುದು ಅನಿವಾರ್ಯವಾದರೆ ಎಚ್ಚರವಿದ್ದಾಗ, ಹೇಳಿ, ಚೀಲ ತೋರಿಸಿ ಹೋಗಿ, ಅತ್ತರೆ ಅಳಲಿ.

ಗೋಡೆಯ ಕ್ಯಾಲೆಂಡರ್ ಇಲ್ಲದ ಮನೆ ನಮ್ಮಲ್ಲಿಲ್ಲ. ಅಮ್ಮ ಮರಳುವ ದಿನಕ್ಕೊಂದು ಗುರುತು ಹಾಕಿ, ದಿನಕ್ಕೊಂದು ಮನೆಗೆ ಗೀಟು ಎಳೆಯಲು ಮಗುವಿಗೇ ಪೆನ್ನು ಕೊಡಿ. ಅದೇ ಕ್ಯಾಲೆಂಡರ್ ನನಗೂ ಬಹಳ ಕಲಿಸಿದೆ. ಓದು ಬಾರದ ತಾಯಂದಿರಿಗೆ ದಿನಚರಿ ಬರೆಯಿರಿ ಎಂದರೆ ಆಗದ ಮಾತು. ಅದಕ್ಕೆ, ಮಗ ನಿದ್ದೆಗೆಟ್ಟ ಅಥವಾ ಹೊಡೆದಾಡಿದ ದಿನದ ಮೇಲೆ ಒಂದು ಕೆಂಪು ಟಿಕಳಿ ಅಂಟಿಸಿ, ಹೊಟ್ಟೆ ಸಾಫಾಗದ ದಿನಕ್ಕೆ ಕರಿಯದು ಎನ್ನುತ್ತೇನೆ. ಒಬ್ಬ ತಾಯಿ ಎರಡು ತಿಂಗಳ ಹಾಳೆಗಳನ್ನು ಮಡಚಿ ತಂದು ಮೇಜಿನ ಮೇಲೆ ಹರಡಿದರು. ಕೆಂಪು ಟಿಕಳಿಗಳೆಲ್ಲ ವಾರದ ಒಂದೇ ದಿನದ ಸಾಲಿನಲ್ಲಿದ್ದವು, ಮೇಲಿಂದ ಕೆಳಗೆ, ನೂಲು ಹಿಡಿದು ಅಂಟಿಸಿದಂತೆ. ‘ಅಂದು ಏನಿರುತ್ತದೆ?’ ಎಂದೆ. ‘ಸಂತಿ’ ಎಂದರು. ಸ್ವಲ್ಪ ತಡೆದು, ಹೊರಗೆ ಕುಳಿತಿದ್ದ ಗಂಡನ ಕಡೆ ನೋಡಿ, ‘ಅವತ್ತು ಇವರು ಕುಡದ ಬರ್ತಾರ’ ಎಂದರು. ಮಗನಿಗೆ ಔಷಧ ಕೇಳಲು ಬಂದಿದ್ದ ಕುಟುಂಬ ಅದು. ಚಿಕಿತ್ಸೆ ತಂದೆಯಿಂದ ಶುರುವಾಯಿತು.

ಅವರನ್ನೇ ಕೇಳಬಾರದೇ ಎಂದು ನೀವು ಅನ್ನಬಹುದು. ಕೇಳಬೇಕು, ಆದರೆ ಕೇಳುವ ಬಗೆ ಇದೆ. ‘ಬ್ಯಾಸರ ಆಗ್ಯದೇನು?’ ಎಂದರೆ ‘ಹೂಂ’, ‘ಖುಷಿ ಅದೀಯೇನು?’ ಎಂದರೂ ‘ಹೂಂ’. ಎದುರಿನವರಿಗೆ ಒಪ್ಪಿಗೆಯಾಗುವ ಉತ್ತರ ಕೊಡುವುದನ್ನು ಬದುಕು ಅವರಿಗೆ ಚೆನ್ನಾಗಿ ಕಲಿಸಿರುತ್ತದೆ. ‘ಖಿನ್ನತೆ’, ‘ಆತಂಕ’ ಎಂಬ ಪುಸ್ತಕದ ಶಬ್ದಗಳೂ ಬೇಡ. ಎದೆ ಡವಡವ ಅನ್ನುತ್ತದೆಯೇ, ಹೊಟ್ಟೆಯಲ್ಲಿ ಸಂಕಟವೇ, ಎಲ್ಲಿ ಎಂದು ಕೈಯಿಟ್ಟು ತೋರಿಸು ಎಂದು ದೇಹದ ಮೂಲಕ ಕೇಳಿದರೆ ಉತ್ತರ ಸಿಗುತ್ತದೆ. ಇನ್ನು ಭಾಷೆ. ಮನೆಯಲ್ಲಿ ಲಂಬಾಣಿಯನ್ನೋ ದಖನಿ ಉರ್ದುವನ್ನೋ ತೆಲುಗನ್ನೋ ಕೇಳಿ ಬೆಳೆದವರನ್ನು ನಾವು ಕಚೇರಿಯ ಕನ್ನಡದಲ್ಲಿ ಪರೀಕ್ಷಿಸಿ, ತಿಳಿವಳಿಕೆ ಕಡಿಮೆ ಎಂದು ಬರೆದುಬಿಡುತ್ತೇವೆ. ಇದು ನಮ್ಮ ವೃತ್ತಿಯವರ ಮೇಲಿನ ದೂರು.

ಸೌಮ್ಯ ಪ್ರಮಾಣದ ನ್ಯೂನತೆಯುಳ್ಳವರ ವಿಷಯದಲ್ಲಿ ನಮ್ಮ ತಪ್ಪು ಇನ್ನೊಂದು ಬಗೆಯದು. ಅವರಿಗೆ ಅವಮಾನ ತಟ್ಟುವುದಿಲ್ಲ ಎಂದುಕೊಂಡಿದ್ದೇವೆ. ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಒಬ್ಬ ಹುಡುಗ, ಉಳಿದವರಷ್ಟೇ ಚೀಲ ಹೊತ್ತರೂ ಅರ್ಧ ಕೂಲಿ. ಹೆಸರು ಹಿಡಿದು ಕರೆಯುವವರಿಲ್ಲ, ‘ಮೆಂಟಲ್’ ಎಂದೇ ಕರೆಯುತ್ತಿದ್ದರು. ತಮ್ಮನ ಲಗ್ನ ನಿಶ್ಚಯವಾದ ವಾರ ಅವನು ಹಾಸಿಗೆ ಹಿಡಿದ. ನನ್ನೆದುರು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ನಂಗ ತಲಿ ಕಡಿಮಿ ಅದ ಅಂತ ನಂಗ ತಿಳೀತದ್ರಿ. ತಿಳೀತದಲ್ಲ, ಅದೇ ತ್ರಾಸು.’ ಮಾತಿನ ಚಿಕಿತ್ಸೆ ಇಂಥವರಿಗೆ ಹತ್ತುವುದಿಲ್ಲ ಎಂಬುದು ಹಳೆಯ ನಂಬಿಕೆ. ಮಾತನ್ನು ಸರಳಗೊಳಿಸಿ, ಚಿತ್ರ ಬರೆದು, ಇಪ್ಪತ್ತು ನಿಮಿಷದ ಭೇಟಿಗಳಾಗಿ ಒಡೆದರೆ ಹತ್ತುತ್ತದೆ. ಅವನಿಗೆ ಅದು ಅರ್ಧ ನೆರವಾಯಿತು, ಉಳಿದರ್ಧ ನೆರವಾದದ್ದು ಚಿಕ್ಕಪ್ಪ ದಲಾಲರ ಅಂಗಡಿಗೆ ಹೋಗಿ ಜಗಳ ತೆಗೆದು ಪೂರ್ತಿ ಕೂಲಿ ಕೊಡಿಸಿದ್ದು. ‘ನಂಗ ಹೆಣ್ಣು ಯಾಕ ನೋಡಂಗಿಲ್ಲ?’ ಎಂಬ ಅವನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಇಲ್ಲವೆಂದೇ ಅವನಿಗೆ ಹೇಳಿದೆ.

ಗುಳಿಗೆಗಳ ಬಗ್ಗೆ ನಾನು ಹೆಚ್ಚು ಮಾತಾಡುವ ಅಧಿಕಾರಿಯಲ್ಲ, ಅದು ಮನೋವೈದ್ಯರ ಕ್ಷೇತ್ರ. ಆದರೂ ಒಂದು ಮಾತು. ಯಾವುದೇ ಮಾನಸಿಕ ಕಾಯಿಲೆ ಗುರುತಿಸದೆ, ಕೇವಲ ಗಲಾಟೆ ಅಡಗಿಸಲು, ವಾಸ್ತವದ ಅರಿವು ತಪ್ಪುವ ಕಾಯಿಲೆಯಾದ ಸೈಕೋಸಿಸ್‌ಗೆಂದು ಇರುವ ಔಷಧಗಳನ್ನು ವರ್ಷಗಟ್ಟಲೆ ಕೊಡುವ ರೂಢಿ ಹಲವು ದೇಶಗಳಲ್ಲಿ ಇದೆ; ಇಂಗ್ಲೆಂಡಿನಲ್ಲಿ 2016ರಿಂದ ಇದನ್ನು ತಗ್ಗಿಸಲೆಂದೇ ‘ಸ್ಟಾಂಪ್’ (STOMP) ಎಂಬ ಅಭಿಯಾನ ನಡೆಯುತ್ತಿದೆ. ಹಾಗೆಂದು ಇವತ್ತು ಮನೆಗೆ ಹೋಗಿ ಗುಳಿಗೆ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಇದು ಯಾವುದಕ್ಕೆ, ಎಷ್ಟು ದಿನ, ಯಾವಾಗ ಕಡಿಮೆ ಮಾಡುತ್ತೀರಿ ಎಂದು ಕೊಟ್ಟವರನ್ನೇ ಕೇಳಿ. ಮೂರ್ಛೆರೋಗಕ್ಕೆ ಹೊಸ ಗುಳಿಗೆ ಶುರುವಾದ ಮೇಲೆ ಸಿಟ್ಟು ಹೆಚ್ಚಿದ್ದರೆ ಅದನ್ನೂ ಹೇಳಿ. ಲೆವೆಟಿರಾಸೆಟಾಮ್‌ನಂಥ ಔಷಧಕ್ಕೆ ಆ ಗುಣವಿದೆ. ಕಲಬುರಗಿಯ ಬಿಸಿಲು ಬಲ್ಲ ನಿಮಗೆ ಇನ್ನೊಂದು ಎಚ್ಚರಿಕೆ: ಸೈಕೋಸಿಸ್‌ನ ಔಷಧಗಳೂ, ಅವುಗಳ ಜತೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಗುಳಿಗೆಯೂ ದೇಹ ತಣಿಯುವುದಕ್ಕೆ ಅಡ್ಡಿಯಾಗಬಲ್ಲವು, ಎರಡನೆಯದು ಬೆವರನ್ನೇ ಕಡಿಮೆ ಮಾಡುತ್ತದೆ. ಬಾಯಾರಿಕೆಯಾಗಿದೆ ಎಂದು ಹೇಳಲಾಗದವರು ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಪತ್ರಾಸಿನ ಮನೆಯೊಳಗೆ ಮಲಗಿದ್ದರೆ, ಗಂಟೆಗೊಮ್ಮೆ ನೀರು ಕುಡಿಸುವುದೂ ಚಿಕಿತ್ಸೆಯ ಭಾಗವೇ.

ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಮನೋವೈದ್ಯಕೀಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯುವ ಪ್ರಯೋಗ ಮಾಡಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ, 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ; ಹೊರಡುವ ಮುನ್ನ ನಿಮ್ಮ ಆಶಾ ಕಾರ್ಯಕರ್ತೆಯಿಂದ ದಿನವನ್ನು ಖಚಿತಪಡಿಸಿಕೊಳ್ಳಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಪಾಲಕರು ತಮ್ಮ ಸಂಕಟಕ್ಕೂ ಕರೆ ಮಾಡಬಹುದು. ರಾತ್ರಿಯೆಲ್ಲ ಎಚ್ಚರವಿರುವ ಮಗನ ಜತೆ ಇಪ್ಪತ್ತು ವರ್ಷ ಎಚ್ಚರವಿದ್ದ ತಾಯಿಯ ನಿದ್ದೆಯ ಬಗ್ಗೆ ಯಾರೂ ಕೇಳಿರುವುದಿಲ್ಲ.

‘ನಾವು ಹೋದ ಮೇಲೆ ಯಾರು?’ ಎಂಬ ಚಿಂತೆಗೆ ಕಾನೂನಿನಲ್ಲಿ ಸ್ವಲ್ಪ ಜಾಗವಿದೆ. ಮಗ 18 ದಾಟಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವ ಪಡೆಯಬೇಕು. ಅದೇ ನ್ಯಾಸದ ‘ನಿರಾಮಯ’ ಯೋಜನೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಕೊಡುತ್ತದೆ. ಅರ್ಜಿಯ ವಿವರಗಳನ್ನು ಇಲ್ಲಿರುವ ಪುನರ್ವಸತಿ ಕಾರ್ಯಕರ್ತರು ನನಗಿಂತ ಚೆನ್ನಾಗಿ ಬಲ್ಲರು.

ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತು, ಗಂಡನಿಗೆ ಕ್ಯಾನ್ಸರ್, ವೈದ್ಯರು ಕೈಚೆಲ್ಲಿದ್ದಾರೆ, ಮಗಳಿಗೆ ಹೇಳಬೇಕೋ ಬೇಡವೋ ಎಂದು ಕೇಳಿದರು. ಹೇಳಿ ಎಂದೆ. ಎಲ್ಲವನ್ನೂ ಒಂದೇ ದಿನ ಬೇಡ; ಇವತ್ತು ‘ಅಪ್ಪಗ ಜಡ್ಡದ, ಗುಳಿಗಿ ನಾಟವಲ್ದು’ ಎಂಬಷ್ಟು ಸಾಕು. ಅಪ್ಪನಿಗೆ ನೀರು ಕೊಡುವುದೋ ಕಾಲು ಒತ್ತುವುದೋ ಒಂದು ಕೆಲಸವನ್ನು ಅವಳಿಗೇ ಬಿಡಿ. ದಿನ ಬಂದಾಗ ಅತ್ತೆಯ ಊರಿಗೆ ಕಳಿಸಬೇಡಿ, ಕೈ ಹಿಡಿದು ಪಕ್ಕದಲ್ಲಿ ನಿಲ್ಲುವವರು ಯಾರೆಂದು ಈಗಲೇ ಗೊತ್ತು ಮಾಡಿ. ‘ಆಕಿ ತಡಕೋತಾಳೇನ್ರಿ?’ ಎಂದರು. ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳು ಹೇಗಿದ್ದಾಳೆ ಎಂದು ನಾನು ಕೇಳಿದೆ. ತಾಯಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಹದಿನೈದು ದಿನ ಆಯ್ತು, ಆಕಿ ತನ್ನ ತಾಟು ಅಪ್ಪನ ಹಾಸಿಗಿ ಕಡೀಗೇ ತಗೊಂಡ ಹೋಗಿ ಉಣ್ತಾಳ್ರಿ. ಯಾರೂ ಹೇಳಿಲ್ಲ.’